ಬಂದೋಬಸ್ತ್ ಗಟ್ಟಿ ಇರಲಿ

ನಮ್ಮ ವಿಜಯಪುರದ ಕಡೆ ಬಂದೋಬಸ್ತ್ ಅಂದರೆ ಪೊಲೀಸರೇ ಆಗಬೇಕೆಂದಿಲ್ಲ. ಮದುವೆಗೆ ಹೋಗಿ ಬಂದವರು "ಊಟದ ಬಂದೋಬಸ್ತ್ ಭಾರಿ ಇತ್ತ ನೋಡ್ರಿ" ಅನ್ನುತ್ತಾರೆ. ಹೊಸ ಮನೆಯ ಬಾಗಿಲು ತಟ್ಟಿ "ಬಂದೋಬಸ್ತ್ ಐತಿ" ಅನ್ನುತ್ತಾರೆ. ನಾನು ಶಾಲೆಗೆ ಹೋಗುವಾಗ ನಮ್ಮವ್ವ ನನ್ನ ಜಡೆಯನ್ನು ಎಷ್ಟು ಬಂದೋಬಸ್ತಾಗಿ ಹೆಣೆಯುತ್ತಿದ್ದಳೆಂದರೆ ಹುಬ್ಬು ಮೇಲಕ್ಕೆಳೆದು, ಇಡೀ ದಿನ ಯಾರನ್ನೋ ಗದರಿಸುತ್ತಿರುವವಳ ಹಾಗೆ ಕಾಣುತ್ತಿದ್ದೆ. ಆ ಮುಖ ಇನ್ನೂ ಇಳಿದಿಲ್ಲ ಎಂದು ನನ್ನ ವಿದ್ಯಾರ್ಥಿಗಳು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನು.

ಈ ಒಂದು ಪದ ನಮ್ಮ ಕ್ಯಾಂಪಸ್ಸಿಗೆ ಒಂದು ವ್ಯಾನು ತುಂಬ ಪೊಲೀಸರನ್ನು ಕರೆತಂದ ಕತೆ ಇದು.

ನಾನು ಊರ ಹೊರಗಿನ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಸಮಾಜಶಾಸ್ತ್ರ ಹೇಳಿಕೊಡುವವಳು. ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು ಬಿಜ್ಜರಗಿಯ ಆಚೆಗಿನ ಒಂದು ಸಣ್ಣ ಹಳ್ಳಿಯ ಕುರಿಗಾರರ ಮನೆಯವಳು. ಹುಡುಗಿ, ಹುಡುಗಿ ಅಂತಲೇ ಕರೆಯುತ್ತೇನೆ, ಆದರೆ ಮೂವತ್ತು ದಾಟಿದವಳು, ಎರಡು ಮಕ್ಕಳ ತಾಯಿ. ಟಿಕೋಟಾದಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಸೀರೆ ಮುದ್ದೆಯಾಗಿರುತ್ತಿತ್ತು, ಮಾತು ಮಾತ್ರ ಇಸ್ತ್ರಿ ಹಾಕಿದ ಹಾಗೆ ನೆಟ್ಟಗೆ. ಅವಳ ವಿಷಯ ಗಾಯರಾಣ. ಊರಿನ ದನ ಕುರಿ ಮೇಯಲಿ ಎಂದು ಎಲ್ಲರಿಗೂ ಸೇರಿ ಬಿಟ್ಟ ಜಮೀನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಅಲ್ಲಿ ಕುರಿ ಕಾಯುವ ಹೆಂಗಸರ ಬದುಕನ್ನು ಅವಳು ಐದು ಅಧ್ಯಾಯಗಳಲ್ಲಿ ಬರೆದಿದ್ದಳು.

ಐದನೆಯದು ಖಾರದ ಅಧ್ಯಾಯ. ಕೆಲವು ವರ್ಷಗಳ ಹಿಂದೆ ಒಂದು ಗಾಯರಾಣಕ್ಕೆ ಬೇಲಿ ಹಾಕಲು ಬಂದಾಗ ಹೆಂಗಸರು ಅಡ್ಡ ನಿಂತಿದ್ದರು. ಪೊಲೀಸರು ಬಂದು ಕುರಿ ಚದುರಿಸಿದರು, ಹೆಂಗಸರ ಮೇಲೂ ಲಾಠಿ ಬಿತ್ತು. ಆ ದಿನ ನಡೆದದ್ದನ್ನು ಏಳು ಹೆಂಗಸರು ಅವಳಿಗೆ ಹೇಳಿದ್ದರು, ಹೆಸರು ಬರೆಯಬಾರದು ಎಂಬ ಕರಾರಿನ ಮೇಲೆ. ಪ್ರಬಂಧದಲ್ಲಿ ಅವರು ಒಂದನೆಯ ಹೆಣ್ಣುಮಗಳು, ಎರಡನೆಯ ಹೆಣ್ಣುಮಗಳು, ಹೀಗೆ ಏಳನೆಯವಳ ತನಕ.

"ನನಗರ ಹೇಳ ಬೇ, ಯಾರಿವ್ರು?" ಎಂದು ಒಮ್ಮೆ ಕೇಳಿದೆ.

"ನಿಮಗೂ ಹೇಳಂಗಿಲ್ರಿ ಮೇಡಂ. ಮಾತು ಕೊಟ್ಟೇನಿ."

"ನಾ ನಿನ್ನ ಗೈಡ್ ಅದೇನಿ!"

"ಅದಕ್ಕ ಹೇಳಂಗಿಲ್ರಿ. ನಾಳೆ ಯಾರರ ನಿಮ್ಮನ್ನ ಕೇಳಿದ್ರ ನೀವು ಸುಳ್ಳು ಹೇಳಬೇಕಾಕ್ಕೈತಿ. ನಿಮಗ ಸುಳ್ಳು ಹೇಳಾಕ ಬರಂಗಿಲ್ಲ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಆ ದಿನ ಸಿಟ್ಟು ಬರಲಿಲ್ಲ, ಹೆಮ್ಮೆಯಾಯಿತು. ಎದ್ದು ಹೋಗಿ ಇಬ್ಬರಿಗೂ ಚಾ ಹೇಳಿ ಬಂದೆ.

ಪಿಎಚ್.ಡಿ.ಯ ಕೊನೆಯ ಮೆಟ್ಟಿಲು ವೈವಾ. ಹೊರಗಿನಿಂದ ಬಂದ ಪರೀಕ್ಷಕರ ಎದುರು ನಿಂತು ತಾನು ಬರೆದದ್ದಕ್ಕೆಲ್ಲ ಉತ್ತರ ಹೇಳಬೇಕು. ಅದು ಬಹಿರಂಗವಾಗಿ ನಡೆಯುತ್ತದೆ, ಯಾರು ಬೇಕಾದರೂ ಬಂದು ಕೂತು ಕೇಳಬಹುದು. ಈ ಸುದ್ದಿ ಅವಳ ಊರಿಗೆ ಮುಟ್ಟಿದ್ದೇ ತಡ, ಹೆಂಗಸರೆಲ್ಲ ಹೊರಟು ನಿಂತರು. ನಮ್ಮ ಬಗ್ಗೆ ಬರೆದದ್ದನ್ನು ನಾವಿಲ್ಲದೆ ಓದುವುದು ಎಂಥದು ಎಂಬುದು ಅವರ ವಾದ. ಸರಿಯಾದ ವಾದವೇ. ಹುಡುಗಿ ಗಾಬರಿಯಾಗಿ ನಮ್ಮ ಆಫೀಸಿಗೆ ಫೋನ್ ಮಾಡಿದಳು.

ಫೋನ್ ಎತ್ತಿದವರು ಆಫೀಸ್ ಸೂಪರಿಂಟೆಂಡೆಂಟರು. ಮೈಸೂರು ಕಡೆಯವರು, ವರ್ಗವಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಚುರುಕು. ಆದರೆ ನಮ್ಮ ಮಾತು ಕಿವಿಗೆ ಬಿದ್ದರೆ ಮೊದಲು ಹೆದರುತ್ತಿದ್ದರು. ಯಾರಾದರೂ ಬಾಗಿಲಲ್ಲಿ ನಿಂತು "ಏನ್ರೀ ಸಾಹೇಬ್ರ, ಚಾ ಆತೇನು?" ಅಂದರೂ ಜಗಳಕ್ಕೆ ಬಂದರೆಂದು ಕುರ್ಚಿ ಹಿಂದೆ ಸರಿಸುವರು. ಅವರಿಗೆ ಹುಡುಗಿ ಹೇಳಿದ್ದು ಇಷ್ಟು: "ಸರ್ರ, ನನ್ನ ವೈವಾಕ್ಕ ನಮ್ಮೂರ ಮಂದಿ ಟೆಂಪೋ ತುಂಬ ಬರಾಕತ್ತಾರ್ರಿ. ಎಷ್ಟ ಹೇಳಿದ್ರೂ ಕೇಳವಲ್ರು. ಬಂದೋಬಸ್ತ್ ಗಟ್ಟಿ ಇರಲಿ ನೋಡ್ರಿ, ಇಲ್ಲಂದ್ರ ನನ್ನ ಮಾನಾ ಹೋಗತೈತಿ."

ಅವಳು ಕೇಳಿದ್ದು ನೆರಳು, ಕುಡಿಯುವ ನೀರು, ಒಂದು ಹೊತ್ತಿನ ಊಟ. ಅವರಿಗೆ ಕೇಳಿಸಿದ್ದು ಟೆಂಪೋ ತುಂಬ ಜನ, ಹೇಳಿದರೆ ಕೇಳುವುದಿಲ್ಲ, ಮಾನ ಹೋಗುತ್ತದೆ. ಅವರು ಕೂಡಲೇ ಪೊಲೀಸ್ ಠಾಣೆಗೆ ಫೋನ್ ಮಾಡಿದರು.

ವೈವಾದ ಬೆಳಿಗ್ಗೆ ನಾನು ಜೋರಾಪುರ ಪೇಟೆಯ ಮನೆಯಿಂದ ಆಟೋದಲ್ಲಿ ಹೊರಟು, ಗಾಂಧಿ ಚೌಕದಲ್ಲಿ ಇಳಿದು ಒಂದು ಹಾರ, ಒಂದು ಕಿಲೋ ಪೇಢೆ ತೆಗೆದುಕೊಂಡೆ. ಅವಳು ಪಾಸಾಗುತ್ತಾಳೆ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಕ್ಯಾಂಪಸ್ ಮುಟ್ಟಿದರೆ ಗೇಟಿನಲ್ಲಿ ನೀಲಿ ವ್ಯಾನು, ಲಾಠಿ ಹಿಡಿದ ಪೇದೆಗಳು, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಫೌಜದಾರ. ಸಬ್ ಇನ್ಸ್‌ಪೆಕ್ಟರರನ್ನು ನಮ್ಮಲ್ಲಿ ಈಗಲೂ ಫೌಜದಾರ ಎಂದೇ ಕರೆಯುವುದು.

"ಯಾರ್ ಬರಾಕತ್ತಾರಪಾ? ಮಂತ್ರಿ ಏನು?" ಎಂದು ಒಬ್ಬ ಪೇದೆಯನ್ನು ಕೇಳಿದೆ.

"ಇಲ್ರಿ ಮೇಡಂ. ಯಾರೋ ವೈವಾ ಅನ್ನಾವ್ರು ಬರ್ತಾರಂತ್ರಿ. ಗಲಾಟಿ ಆಕ್ಕೈತಂತ."

ನಗು ಬಂತು. ಆಫೀಸಿಗೆ ಹೋಗಿ ಸೂಪರಿಂಟೆಂಡೆಂಟರನ್ನು ವಿಚಾರಿಸಿದ ಮೇಲಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅವ್ರೇ ಕೇಳ್ಕಂಡ್ರು ಮೇಡಂ, ಬಂದೋಬಸ್ತು ಗಟ್ಟಿ ಇರ್ಲಿ ಅಂತ! ನಾನೇನ್ ಕನಸು ಕಂಡಿದ್ನಾ?" ಎಂದು ಅವರು ಪಾಪ ಬೆವರು ಒರೆಸಿಕೊಂಡರು. ಪದದ ಅರ್ಥ ಬಿಡಿಸಿ ಹೇಳಿದಾಗ ಹಣೆ ಚಚ್ಚಿಕೊಂಡು, "ಹಂಗಾದ್ರೆ ಊಟ?" ಅಂದರು. ಊಟದ ಬಂದೋಬಸ್ತ್ ಯಾರೂ ಮಾಡಿರಲಿಲ್ಲ.

ತಪ್ಪು ತಿಳಿದು ಬಂತಲ್ಲ, ವ್ಯಾನು ವಾಪಸ್ ಹೋಗುತ್ತದೆ ಅಂದುಕೊಂಡೆ. ನೋಡಿ, ಇಷ್ಟು ವರ್ಷ ಪಾಠ ಹೇಳಿಯೂ ನನಗೆ ಇಂಥ ಭರವಸೆ ಹೋಗಿಲ್ಲ.

ನಮ್ಮ ಕೇಂದ್ರದ ನಿರ್ದೇಶಕರು ಮೊದಲು ನನ್ನ ಜೊತೆಗೇ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆ ಏನೋ ಕೆಡುಕು ಕಾದಿದೆ ಎಂದೇ ಅರ್ಥ.

"ಬಂದಾರಂತ ಇರಲಿ ಬಿಡ್ರಿ ಮೇಡಂ. ಹೆಂಗೂ ಆ ಐದನೇ ಅಧ್ಯಾಯ ಒಂಥರಾ ಐತಿ. ಹಿಂದಿನ ಬೆಂಚಿನ್ಯಾಗ ಇಬ್ರು ಕುಂತು ಮೊಬೈಲ್‌ನ್ಯಾಗ ವಿಡಿಯೋ ಮಾಡ್ಕೊಂಡು ಹೋಗ್ತಾರ. ನಾಳೆ ಯಾರರ ಏನರ ಅಂದ್ರ ನಮಗೂ ಒಂದು ಆಧಾರ ಇರತೈತಿ."

"ತಪ್ಪಿ ಬಂದಾವ್ರನ್ನ ಕಳಸ್ರಿ ಅಂದ್ರ ಒಳಗ ಕರದು ಕುಂಡ್ರಸ್ತೀರೇನ್ರಿ?"

"ಕಳಸೂದು ಹ್ಯಾಂಗ್ರಿ? ನಾವು ಬರವಣಿಗಿಯಾಗ ಕರದಿಲ್ಲ. ಕರೀದೇ ಇದ್ದಾವ್ರಿಗೆ ಹೋಗ್ರಿ ಅಂತ ಬರವಣಿಗಿಯಾಗ ಹ್ಯಾಂಗ ಹೇಳೂದು?"

ಬೇವಿನ ಮರದ ಕೆಳಗೆ ಹೋಗಿ ಫೌಜದಾರರನ್ನು ಕೇಳಿದರೆ ಅವರದು ಇದರ ಇನ್ನೊಂದು ತುದಿ. "ಬರದು ಕೊಟ್ರ ಈಗ ಹೋಗತೇವ್ರಿ. ಬಾಯಿ ಮಾತಿನ ಮ್ಯಾಲ ಡ್ಯೂಟಿ ಪಾಯಿಂಟ್ ಬಿಟ್ಟು ಹೋದ್ರ ನಮ್ಮ ಸಾಹೇಬ್ರು ಬಿಡತಾರೇನ್ರಿ?" ಹೀಗೆ, ಯಾರೂ ಬರೆದು ಕರೆಯದ ಪೊಲೀಸರನ್ನು ಯಾರೂ ಕಳಿಸಲಾರದೆ ಕ್ಯಾಂಪಸ್ಸಿನಲ್ಲಿ ಉಳಿಸಿಕೊಂಡಿದ್ದೆವು.

ಪೊಲೀಸರೆಂದರೆ ನನಗೆ ಆಗುವುದಿಲ್ಲ ಎಂದಲ್ಲ. ನಮ್ಮ ಹಾಸ್ಟೆಲಿಗೆ ಕಳ್ಳ ನುಗ್ಗಿದಾಗ ಅವರನ್ನು ಕರೆದವಳು ನಾನೇ, ಅವರು ಬಂದು ಅವನನ್ನು ಹಿಡಿದೂ ಕೊಟ್ಟರು. ಕಳ್ಳನ ಮಾತು ಬೇರೆ, ಕಲಿಕೆಯ ಮಾತು ಬೇರೆ. ಹಿಂದೊಮ್ಮೆ ನಮ್ಮಲ್ಲಿ ಒಂದು ಉಪನ್ಯಾಸಕ್ಕೆ ಮಫ್ತಿಯಲ್ಲಿದ್ದ ಒಬ್ಬರು ಬಂದು ಹಿಂದೆ ಕೂತಿದ್ದರು. ಅವರು ಒಂದು ಮಾತೂ ಆಡಲಿಲ್ಲ, ಯಾರನ್ನೂ ಮುಟ್ಟಲಿಲ್ಲ. ಉಪನ್ಯಾಸ ಕೊಡಲು ಬಂದ ಪಂಡಿತರು ಮಾತ್ರ ಪ್ರತಿ ವಾಕ್ಯಕ್ಕೂ ಮುಂಚೆ "ಇದು ನನ್ನ ಸ್ವಂತ ಅಭಿಪ್ರಾಯ, ತಪ್ಪಿದ್ದರೆ ಕ್ಷಮಿಸಿ" ಎಂದು ಸೇರಿಸಿಕೊಂಡು, ಕೊನೆಗೆ ಮಳೆಗಾಲದ ಮಹತ್ವದ ಬಗ್ಗೆ ಮಾತಾಡಿ ಕೂತರು. ಯಾರೂ ಬಾಯಿ ಮುಚ್ಚಿಸಬೇಕಾಗಿಯೇ ಇರಲಿಲ್ಲ. ನನ್ನ ಹುಡುಗಿಯ ವೈವಾ ಹಾಗಾಗಲು ನಾನು ಬಿಡುವವಳಲ್ಲ.

ಅಷ್ಟರಲ್ಲಿ ಟೆಂಪೋ ಬಂತು. ಇಳಕಲ್ಲ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು, ನಗುತ್ತ ಬಂದ ಹೆಂಗಸರು ಗೇಟಿನಲ್ಲಿ ಖಾಕಿ ಕಂಡದ್ದೇ ಗಪ್ಪಾದರು. ಯಾರೂ ಕೆಳಗಿಳಿಯಲಿಲ್ಲ. ಮುಂದೆ ಕೂತಿದ್ದ ಒಬ್ಬಳು ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಹುಡುಗಿ ನನ್ನ ಹತ್ತಿರ ಓಡಿ ಬಂದಳು. 

"ಮೇಡಂ, ಆ ಏಳು ಮಂದೀನೂ ಈ ಟೆಂಪೋದಾಗ ಅದಾರ್ರಿ. ಒಳಗ ನಾ ಅವ್ರ ಮಾತು ಓದೂ ಮುಂದ ಪೊಲೀಸ್ರು ವಿಡಿಯೋ ಮಾಡಾಕತ್ರ, ಯಾರು ತಲಿ ತಗ್ಗಸ್ತಾರ, ಯಾರು ಅಳ್ತಾರ, ಎಲ್ಲಾ ಗೊತ್ತಾಕ್ಕೈತ್ರಿ. ಹೆಸರು ಮುಚ್ಚಿ ಏನ್ ಬಂತು? ಐದನೇ ಅಧ್ಯಾಯ ಬಿಟ್ಟ ಬಿಡ್ತೀನ್ರಿ."

"ಬಿಟ್ರ ಡಿಗ್ರಿ ಬರಂಗಿಲ್ಲ."

"ಹೋಗಲ್ರಿ ಡಿಗ್ರಿ."

"ಇಲ್ಲಂದ್ರ ಆ ಹೆಂಗಸರನ್ನ ವಾಪಸ್ ಕಳಸು."

"ತಮ್ಮ ಮಾತು ತಾವು ಕೇಳಾಕ ಬಂದಾರ್ರಿ ಅವ್ರು. ಹ್ಯಾಂಗ ಕಳಸಲಿ?"

ನಿಜ ಹೇಳುತ್ತೇನೆ, ನನಗೆ ಅಳು ಬಂತು, ಅದರ ಬೆನ್ನಿಗೇ ರೇಗಿತು. ಆರು ವರ್ಷ ಬಿಸಿಲಲ್ಲಿ ಕುರಿಯ ಹಿಂದೆ ತಿರುಗಿ ಬರೆದದ್ದನ್ನು ಒಂದು ಮೊಬೈಲಿಗೆ ಹೆದರಿ ಹರಿದು ಹಾಕಬೇಕೇ? "ಇಲ್ಲೇ ನಿಂದರು. ಟೆಂಪೋ ಹೋಗಾಕ ಬಿಡಬ್ಯಾಡ" ಎಂದು ಹೇಳಿ, ಪೇಢೆಯ ಡಬ್ಬಿಯನ್ನು ಅವಳ ಕೈಯಲ್ಲಿಟ್ಟು ಒಳಗೆ ಹೋದೆ.

ಪರೀಕ್ಷಕರು ನಿರ್ದೇಶಕರ ಕೋಣೆಯಲ್ಲಿ ಚಾ ಕುಡಿಯುತ್ತಿದ್ದರು. ಅವರು ಹುಟ್ಟಿದ್ದು ಬಬಲೇಶ್ವರ, ನೌಕರಿಯೆಲ್ಲ ದೂರದಲ್ಲಿ. ಅದಕ್ಕೇ ಅಚ್ಚಿನ ಕನ್ನಡ ಮಾತಾಡುವರು, ಒಂದು ಅಕ್ಷರ ಆಚೀಚೆ ಆಗದು. ಫೌಜದಾರರನ್ನೂ ಒಳಗೆ ಕರೆದುಕೊಂಡೇ ಹೋದೆ. ಎಲ್ಲರೂ ಇದ್ದಲ್ಲೇ ಮಾತಾಗಲಿ ಎಂದು.

ಫೌಜದಾರರು ಶಾಂತವಾಗಿ ಕೇಳಿದರು: "ಮೇಡಂ, ಯಾರ್ ಬೇಕಾದ್ರೂ ಬಂದು ಕುಂದ್ರಬಹುದು ಅಂತ ನೀವ ಹೇಳ್ತೀರಿ. ನಾವ್ಯಾಕ ಕುಂದ್ರಬಾರದು?"

ಒಳ್ಳೆಯ ಪ್ರಶ್ನೆ. ನನ್ನ ತರಗತಿಯಲ್ಲಿ ಕೇಳಿದ್ದರೆ ಶಾಭಾಸ್ ಅನ್ನುತ್ತಿದ್ದೆ. "ಕೇಳಾಕ ಬಂದ್ರ ಕುಂದರ್ರಿ. ರಜಾದಾಗ ಬರ್ರಿ, ಅಂಗಿ ಬದಲಿ ಮಾಡಿ ಬರ್ರಿ, ನಿಮ್ಮ ಮನಿಯವರನ್ನೂ ಕರಕೊಂಡು ಬರ್ರಿ, ಮುಂದಿನ ಸಾಲಿನ್ಯಾಗ ಕುಂಡ್ರಸ್ತೀನಿ. ಆದ್ರ ನೀವು ಇವತ್ತ ಕೇಳಾಕ ಬಂದಿಲ್ಲ, ಕಾಯಾಕ ಬಂದೀರಿ. ಕಾಯಾವ್ರ ಮುಂದ ಮನುಷ್ಯಾ ತನ್ನ ಮಾತು ತಾ ಆಡಂಗಿಲ್ಲ. ನಿಮಗ ಬೇಕಾದ ಮಾತು ಆಡ್ತಾನ."

ನಿರ್ದೇಶಕರು ಮತ್ತೆ ಕನ್ನಡಕಕ್ಕೆ ಕೈ ಹಾಕಿದರು. "ಮೇಡಂ, ಸುಮ್ನ ಯಾಕ ಜಗ್ಗಾಡ್ತೀರಿ? ಎಲ್ಲಾರೂ ಒಳಗ ಹೋಗೂಣು, ಒಂದು ತಾಸಿನ್ಯಾಗ ಮುಗದ ಹೋಗತೈತಿ."

"ಆತ್ರಿ. ಹಂಗಾದ್ರ ವೈವಾ ಇವತ್ತ ಇಲ್ಲ. ಯಾಕ ಆಗಲಿಲ್ಲ ಅಂತ ವರದಿಯಾಗ ಕಾರಣಾ ಬರೀಬೇಕಲ್ರಿ? ಸಭಾಂಗಣದಾಗ ಪೊಲೀಸ್ರು ಇದ್ದದ್ದಕ್ಕ ಅಂತ ನಾ ಬರದು ಸಹಿ ಮಾಡ್ತೀನಿ. ಅವ್ರನ್ನ ಒಳಗ ಕುಂಡ್ರಸ್ರಿ ಅಂದಾವ್ರು ಯಾರು ಅಂತನೂ ಬರೀತೀನಿ."

ಪರೀಕ್ಷಕರು ಕಪ್ಪು ಕೆಳಗಿಟ್ಟು ಗಂಟಲು ಸರಿಪಡಿಸಿಕೊಂಡರು. "ಮಾರ್ಗದರ್ಶಕರ ಅಭಿಪ್ರಾಯಕ್ಕೆ ನನ್ನ ಸಹಮತವಿದೆ. ಪರೀಕ್ಷೆಯ ಪಾವಿತ್ರ್ಯದ ದೃಷ್ಟಿಯಿಂದ..." ಎಂದು ಶುರು ಮಾಡಿದವರಿಗೆ ಅಚ್ಚಿನ ಕನ್ನಡ ಅಲ್ಲಿಗೇ ಸಾಕಾಯಿತೆಂದು ಕಾಣುತ್ತದೆ. ಮೇಜು ಗುದ್ದಿ ಒಮ್ಮೆಲೇ ಬಬಲೇಶ್ವರಕ್ಕೆ ಇಳಿದರು. "ಏನ್ ಹಚ್ಚೀರಿ ಲೇ ಇದು! ಆ ಹುಡುಗಿ ಪರೀಕ್ಷಾ ಕೊಡಾಕ ಬಂದಾಳೋ, ಜಬಾಬ ಕೊಡಾಕ ಬಂದಾಳೋ? ಜಬಾಬ ಆದ್ರ ನೀವ ತಗೊಳ್ರಿ, ನಾ ಊರಿಗೆ ಹೊಂಟೆ!"

ಜಬಾಬ ಅಂದರೆ ನಮ್ಮಲ್ಲಿ ಪೊಲೀಸರ ಮುಂದೆ ಬರೆಸುವ ಹೇಳಿಕೆ. ಆ ಮಾತು ಕೇಳಿ ನಿರ್ದೇಶಕರು ಒಂದು ಹಾಳೆ ಎಳೆದುಕೊಂಡು, ಪೊಲೀಸರು ಗೇಟಿನ ಹೊರಗೆ ಇದ್ದರೆ ಸಾಕು, ಒಳಗೆ ಬರುವ ಅಗತ್ಯವಿಲ್ಲ ಎಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ಫೌಜದಾರರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, "ಇಷ್ಟ ಬೇಕಾಗಿತ್ರಿ ನಮಗ" ಎಂದು ನನಗೆ ಕೈ ಮುಗಿದು ಹೊರಗೆ ಹೋದರು. ಬೇವಿನ ಮರದ ಕೆಳಗಿನ ಕುರ್ಚಿಯೂ ಗೇಟು ದಾಟಿತು.

ವೈವಾ ನಡೆಯಿತು. ಹೇಗೆ ನಡೆಯಿತು ಅಂತೀರಿ! ಹೆಂಗಸರು ಸಭಾಂಗಣದ ಅರ್ಧ ತುಂಬಿ ಕೂತಿದ್ದರು. ಹುಡುಗಿ ಐದನೆಯ ಅಧ್ಯಾಯ ಓದಿದಾಗ ಅವರಲ್ಲಿ ಯಾರೋ ಮೂಗು ಒರೆಸಿಕೊಂಡರು, ಯಾರೋ "ಹೌದ ಹೌದ" ಅಂದರು, ಒಬ್ಬಳಂತೂ "ಅವತ್ತ ಬಿಸಲು ಇನ್ನೂ ಜಾಸ್ತಿ ಇತ್ತು, ಅದನ್ನೂ ಬರಿ" ಎಂದು ತಿದ್ದಿದಳು. ಪರೀಕ್ಷಕರು ಮತ್ತೆ ಅಚ್ಚಿನ ಕನ್ನಡಕ್ಕೆ ಮರಳಿ, ಕೇಳಲೇಬೇಕಾದ ಪ್ರಶ್ನೆ ಕೇಳಿದರು: "ಹೆಸರಿಲ್ಲದ ಈ ಏಳು ಮಹಿಳೆಯರ ಮಾತನ್ನು ನಾನು ಹೇಗೆ ನಂಬಲಿ?"

"ಏಳೂ ಮಂದೀನ ಬ್ಯಾರೆ ಬ್ಯಾರೆ ಕಡೆ, ಬ್ಯಾರೆ ಬ್ಯಾರೆ ದಿನಾ ಕೇಳೇನ್ರಿ ಸರ್. ಎಷ್ಟ ಮಂದಿ ಪೊಲೀಸ್ರು ಬಂದಿದ್ರು ಅನ್ನೂದ್ರಾಗ ಅವ್ರ ಲೆಕ್ಕ ಕೂಡಂಗಿಲ್ಲ. ಯಾವ ದಿಕ್ಕಿನಿಂದ ಬಂದ್ರು ಅನ್ನೂದು ಕೂಡತೈತಿ. ಯಾರಿಗೆ ಮೊದಲ ಏಟು ಬಿತ್ತು ಅನ್ನೂದು ಕೂಡತೈತಿ. ಎಲ್ಲಾರೂ ಕೂಡಿ ಮಾತಾಡ್ಕೊಂಡು ಹೇಳಿದ್ರ ಮೊದಲ ಲೆಕ್ಕ ಕೂಡಸ್ತಿದ್ರು. ಕೂಡದೇ ಇದ್ದದ್ದನ್ನೂ ಹಂಗ ಬರದೇನ್ರಿ. ಹೆಸರಿಗಿಂತ ಅದ ದೊಡ್ಡ ಸಾಕ್ಷಿರಿ."

ಪರೀಕ್ಷಕರು ಪೆನ್ನು ಮುಚ್ಚಿಟ್ಟು ತಲೆಯಾಡಿಸಿದರು. ಹುಡುಗಿ ಡಾಕ್ಟರ್ ಆದಳು. ನಾನು ತಂದ ಹಾರವನ್ನು ನನಗೇ ಹಾಕಲು ಬಂದಳು, ಬೈದು ಅವಳ ಕೊರಳಿಗೇ ಹಾಕಿದೆ. ಊಟದ ಚಿಂತೆಯೂ ತಪ್ಪಿತು. ಹೆಂಗಸರು ತಾವೇ ಬುಟ್ಟಿ ತುಂಬ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ಗಟ್ಟಿ ಮೊಸರು ತಂದಿದ್ದರು. ಮೈಸೂರು ಕಡೆಯ ಸೂಪರಿಂಟೆಂಡೆಂಟರಿಗೆ ಎದುರು ಕೂತು ಬಡಿಸಿದರು. "ಬಂದೋಬಸ್ತ್ ಊಟಾ ಮಾಡ್ರಿ ಸಾಹೇಬ್ರ" ಎಂದಾಗ ಅವರು ಈ ಸಲ ಹೆದರಲಿಲ್ಲ. ಖಾರಕ್ಕೆ ಕಣ್ಣಲ್ಲಿ ನೀರು ಮಾತ್ರ ಬಂತು.

ಮಧ್ಯಾಹ್ನ ಅವರನ್ನು ಕಳಿಸಿಕೊಡಲು ಗೇಟಿಗೆ ಬಂದೆವು. ಹೆಂಗಸರು ಟೆಂಪೋ ಹತ್ತಿ ಕೂತರು. ಫೌಜದಾರರು ಎದ್ದು ಬಂದರು, ಕೈಯಲ್ಲಿ ಹಾಳೆ, ಪೆನ್ನು.

"ಬಂದೋಬಸ್ತ್ ರಿಪೋರ್ಟ್ ಬರೀಬೇಕ್ರಿ. ಬಂದಾವ್ರ ಹೆಸರು, ಊರು ಹೇಳ್ರಿ, ಅಷ್ಟ."

ಅಯ್ಯೋ, ಇಲ್ಲಿತ್ತೇನು ಇದು! ಒಳಗೆ ಉಳಿಸಿದ್ದು ಗೇಟಿನಲ್ಲಿ ಹೋಯಿತಲ್ಲ! ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಮುಂದೆ ಬಂದಳು. ಕೊರಳಲ್ಲಿ ಹಾರ ಹಾಗೇ ಇತ್ತು.

"ನನ್ನ ಹೆಸರು ಬರಕೊಳ್ರಿ ಸರ್" ಎಂದು ತನ್ನ ಹೆಸರು ಹೇಳಿದಳು, ಮುಂದೆ ಡಾಕ್ಟರ್ ಸೇರಿಸಿ, ಸ್ವಲ್ಪ ಜೋರಾಗಿಯೇ. "ಇವ್ರೆಲ್ಲಾ ನನ್ನ ಪ್ರಬಂಧದಾಗಿನ ಮಂದಿ. ಇವ್ರಿಗೆ ಅದರಾಗ ಹೆಸರಿಲ್ಲ, ನಂಬರ್ ಅದಾವು. ಬೇಕಾದ್ರ ಹಂಗ ಬರಕೊಳ್ರಿ."

ಫೌಜದಾರರು ನನ್ನ ಕಡೆ ತಿರುಗಿದರು. "ಮೇಡಂ, ನಿಮಗ ಗೊತ್ತಿರಬೇಕಲ್ರಿ?"

"ಗೊತ್ತಿಲ್ರಿ" ಅಂದೆ. ಪ್ರೊಫೆಸರಾಗಿ ಇಷ್ಟು ವರ್ಷಗಳಲ್ಲಿ ಆ ಮಾತನ್ನು ಇಷ್ಟು ಗಟ್ಟಿಯಾಗಿ ಎಂದೂ ಹೇಳಿರಲಿಲ್ಲ.

ಟೆಂಪೋದ ಮುಂದೆ ಕೂತಿದ್ದ ಅಜ್ಜಿ ಸೆರಗು ಹಿಂದಕ್ಕೆ ಸರಿಸಿದಳು. "ಬರಕೋ ಯಪ್ಪಾ. ನಾ ಒಂದನೇಕಿ."

ಅವಳ ಮಗ್ಗುಲಲ್ಲಿದ್ದವಳು, "ನಾ ಎರಡನೇಕಿ."

"ಮೂರನೇಕಿ ನಾನ್ರಿ."

ಒಬ್ಬೊಬ್ಬಳ ದನಿ ಹಿಂದಿನವಳಿಗಿಂತ ಒಂದು ಹಿಡಿ ಮೇಲೆ. ನಾಲ್ಕು, ಐದು, ಆರು. ಏಳನೆಯವಳು ಏಳು ಅಂದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಫೌಜದಾರರೂ ಪೆನ್ನು ಎತ್ತಿದರು.

"ಎಂಟನೇಕಿ" ಎಂದು ಹಿಂದಿನಿಂದ ಒಂದು ದನಿ ಬಂತು.

ಹುಡುಗಿ ಗಕ್ಕನೆ ತಿರುಗಿದಳು. ಒಂಬತ್ತು ಅಂದಳು ಇನ್ನೊಬ್ಬಳು. ಹತ್ತು. ಹನ್ನೊಂದು. ಎಣಿಕೆ ಟೆಂಪೋದ ಹಿಂದಿನ ಮೂಲೆಯ ತನಕ ಹೋಗಿ ಹದಿನೆಂಟಕ್ಕೆ ನಿಂತಿತು. ಕೊನೆಯವಳು ನಡುವಯಸ್ಸಿನ ಹೆಂಗಸು, ಮಡಿಲಲ್ಲಿ ಖಾಲಿ ರೊಟ್ಟಿ ಬುಟ್ಟಿ ಇಟ್ಟುಕೊಂಡಿದ್ದಳು. ಇಡೀ ದಿನ ಅವಳ ಬಾಯಲ್ಲಿ ಒಂದು ಮಾತು ಕೇಳಿರಲಿಲ್ಲ.

"ಚಿಗವ್ವಾ, ನೀನೂ ಅವತ್ತ ಅಲ್ಲಿ ಇದ್ದೇನ?" ಎಂದಳು ಹುಡುಗಿ. "ನಾ ಆರು ವರ್ಷ ನಿಮ್ಮ ಮನಿಗೆ ಬಂದು ಹೋಗೇನಿ. ಯಾರ್ ಯಾರ್ ಇದ್ರಿ ಅಂತ ಎಷ್ಟ ಸಲ ಕೇಳೇನಿ."

"ಇದ್ನೆವ್ವಾ. ಆಗ ಹೇಳಾಕ ಅಂಜಿಕಿ ಬರ್ತಿತ್ತು."

ಫೌಜದಾರರು ಹಾಳೆಯ ಮೇಲೆ ಏನು ಬರೆದರೋ, ಬರೆಯಲಿಲ್ಲವೋ, ಹುಡುಗಿ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಸೀರೆ ಎತ್ತಿ ಹಿಡಿದು ಟೆಂಪೋ ಹತ್ತಿದಳು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹಿಂದಿನ ಮೂಲೆಗೆ ಹೋದಳು, ಆ ಹೆಂಗಸಿನ ಪಕ್ಕದಲ್ಲಿ ಕೂತು, "ಈಗ ಹೇಳ ಬೇ" ಅಂದಳು.